ಬೂಟಿನ ಷರತ್ತು

ಹನ್ನೊಂದು ವರ್ಷ ನನ್ನ ಗಡಿಯಾರ
ಮಹಡಿಯ ಮೇಲಿತ್ತು.
ಐದೂ ನಲವತ್ತಕ್ಕೆ ಎವಾರಿಸ್ತೊನ ಬೂಟು:
ಮಂಚದಿಂದ ಒಲೆಗೆ ಆರು ಹೆಜ್ಜೆ,
ಒಲೆಯಿಂದ ಬಾಗಿಲಿಗೆ ನಾಲ್ಕು,
ಆಮೇಲೆ ಹೊರಗಿನ ಮೆಟ್ಟಿಲು, ಗುಡ್ಡ, ಮಂಜು.
ಆರೂವರೆಗೆ ಗುಡ್ಡದ ಲಿಫ್ಟಿನ ಹಗ್ಗ ನರಳುತ್ತಿತ್ತು.
ಅವನು ಹಿಡಿ ಎಳೆದ,
ವಾಲ್ಪರೈಸೊ ಎದ್ದು ಕೂತಿತು.

ಒಂದನೇ ತಾರೀಕು ಬಾಗಿಲ ಸಂದಿಯಲ್ಲಿ ಲಕೋಟೆ.
ಭಾನುವಾರವಾಗಲಿ, ಹಬ್ಬವಾಗಲಿ,
ಭೂಮಿ ನಡುಗಿ ನನ್ನ ತಟ್ಟೆಗಳೆಲ್ಲ ಒಡೆದ ಆ ವರ್ಷವಾಗಲಿ,
ಲಕೋಟೆ. ಮೇಲೆ ಪೆನ್ಸಿಲಿನಲ್ಲಿ ತಿಂಗಳ ಹೆಸರು.
ಖಾಲಿ ಲಕೋಟೆ ವಾಪಸು ಕೊಡುತ್ತಿದ್ದೆ,
ಅವನು ಹೆಸರು ಅಳಿಸಿ ಮುಂದಿನದು ಬರೆಯುತ್ತಿದ್ದ.
ಒಂದೇ ಲಕೋಟೆ ಎರಡು ವರ್ಷ ಬಾಳಿದ್ದುಂಟು.

ಮಾರ್ಚಿನಲ್ಲಿ ಲಿಫ್ಟಿಗೆ ಹಳದಿ ಪಟ್ಟಿ ಸುತ್ತಿದರು.
ಹಗ್ಗ ಸವೆದಿದೆ, ದುರಸ್ತಿಗೆ ಎಂಟು ತಿಂಗಳು
ಅಂದಿತು ನಗರಸಭೆ.
ನಗರಸಭೆಯ ಎಂಟು ಅಂದರೆ ಎಷ್ಟು
ಅಂತ ಈ ಗುಡ್ಡದ ಕೂಸಿಗೂ ಗೊತ್ತು.

ಏಪ್ರಿಲಿನ ಲಕೋಟೆ ಬಂತು, ತುಂಬಿತ್ತು.
ಮೇ ತಿಂಗಳದ್ದು ಬಂತು, ಎಲ್ಲ ಸಣ್ಣ ನೋಟು,
ಮೀನುಕಟ್ಟೆಯ ವಾಸನೆ.
ಜೂನಿನದು ಬರಲಿಲ್ಲ.

ಜೂನಿನ ಚಳಿಯಲ್ಲಿ ಬರಿಗಾಲು!
ಬಾಕಿ ಇರುವವನ ನಡಿಗೆ ಅದು,
ಹಿಮ್ಮಡಿ ಎತ್ತಿ, ತನ್ನ ಮನೆಗೆ ತಾನೇ ಕಳ್ಳನಾಗಿ.
ನಲ್ಲಿ ತಿರುವುವುದೂ ನಾನು ರೇಡಿಯೊ ಹಾಕಿದ ಮೇಲೆ.

ತಂಗಿಯ ಮಗ ನಿಬಾಲ್ದೊ ಬಂದ,
ಫೋನಿನಲ್ಲಿ ಲೆಕ್ಕ ತೋರಿಸಿದ.
"ದೊಡ್ಡಮ್ಮ, ಪ್ರವಾಸಿಗರಿಗೆ ಕೊಡು.
ಕಿಟಕಿಯಲ್ಲಿ ಸಮುದ್ರ ಕಾಣುತ್ತೆ, ಸಮುದ್ರಕ್ಕೇ ದುಡ್ಡು.
ಕರುಣೆಯನ್ನು ಬ್ಯಾಂಕಿಗೆ ಕಟ್ಟಲಿಕ್ಕಾಗೋದಿಲ್ಲ."
ನಿಜ, ಆಗುವುದಿಲ್ಲ.
ಮೊಣಕಾಲಿಗೆ ಮಾತ್ರೆ ಬೇಕು, ತಗಡಿಗೆ ಬಣ್ಣ ಬೇಕು,
ಕಂದಾಯಕ್ಕೆ ಅವನ ಲಕೋಟೆಯೇ ಗತಿ.
ದಾನಶೂರಳಲ್ಲ ನಾನು, ನಲವತ್ತು ವರ್ಷ ಹೊಲಿದು ಬದುಕಿದವಳು.
ಲಂಗ ಗಿಡ್ಡವಾದರೆ ಮಡಿಕೆ ಬಿಚ್ಚುತ್ತೇವೆ,
ಲಂಗವನ್ನೇ ಬಿಸಾಡುವುದಿಲ್ಲ.

ಆ ರಾತ್ರಿ ಹೊಲಿಗೆಯ ಸುಣ್ಣದಲ್ಲಿ
ಮೇಜಿನ ಮೇಲೆ ನಾನೂ ಲೆಕ್ಕ ಬರೆದೆ:
ಖಾಲಿ ಮನೆ, ಎರಡು ತಿಂಗಳು.
ದಲ್ಲಾಳಿಗೆ ಒಂದು ತಿಂಗಳದ್ದು. ಹೊಸ ಬೀಗ.
ಗುರುತಿಲ್ಲದ ಹೆಜ್ಜೆಗೆ ಎಷ್ಟು ಬರೆಯಲಿ?
ಭೂಮಿ ನಡುಗಿದ ರಾತ್ರಿ ಕತ್ತಲಲ್ಲಿ
ನನ್ನ ಹೆಸರು ಕೂಗುತ್ತ ಇಳಿದು ಬಂದವನು
ಯಾವ ಸಾಲಿಗೆ?
ಅಲ್ಲಿ ಸುಣ್ಣ ಮುರಿಯಿತು.

ಪೊರಕೆಯ ಹಿಡಿಯಿಂದ ಛಾವಣಿಗೆ ಮೂರು ಸಲ ತಟ್ಟಿದೆ.
ಮೇಲೆ ಉಸಿರು ನಿಂತದ್ದು ಕೇಳಿಸಿತು.

ಬಂದ, ಟೋಪಿ ಕೈಯಲ್ಲಿ.
"ಮನೆ ಖಾಲಿ ಮಾಡುತ್ತೇನೆ, ದೊನ್ಯಾ ಅರ್ತೆಮಿಯಾ."
ಬಾಯಿಪಾಠ ಮಾಡಿಕೊಂಡ ಮಾತು.
"ಮೊದಲು ಕೂತುಕೋ. ಕೈಗೆ ಎಷ್ಟು ಬರುತ್ತೆ? ನಿಜ ಹೇಳು."
ಹೇಳಿದ.
ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ,
ಅವನ ಮುಖ ನೋಡದ ಹಾಗೆ.
ದಾರ ಆಗಲೇ ಪೋಣಿಸಿತ್ತು.

ಬರೆದೆವು. ನವೆಂಬರಿನವರೆಗೆ ಅರ್ಧ.
ಉಳಿದರ್ಧ ಮನ್ನಾ ಅಲ್ಲ,
ಮನ್ನಾ ಅಂದಿದ್ದರೆ ಎದ್ದು ಹೋಗುತ್ತಿದ್ದ.
ಲಿಫ್ಟು ಓಡಿದ ಮೇಲೆ ತಿಂಗಳಿಗಿಷ್ಟು, ಬಡ್ಡಿಯಿಲ್ಲ.
ತಗಡಿಗೆ ಬಣ್ಣ ಹೊಡೆದರೆ ಕೂಲಿ ಬಾಡಿಗೆಗೆ ವಜಾ.
ತಡವಾಗುವುದಾದರೆ ಮುಂಚೆ ಹೇಳಬೇಕು,
ಬಾಯಿಬಿಟ್ಟು, ಮುಖ ತೋರಿಸಿ.
"ಲಿಫ್ಟು ಓಡದಿದ್ದರೆ?"
"ಮತ್ತೆ ಇಲ್ಲೇ ಕೂರೋಣ. ಅದನ್ನೂ ಬರೆ."

ಎರಡು ಪ್ರತಿ, ಎರಡು ಸಹಿ.
ಕೊನೆಯ ಸಾಲು ನಾನೇ ಸೇರಿಸಿದೆ,
ಓದಿ ಅವನ ಕಿವಿ ಕೆಂಪಾಯಿತು:
"ಬಾಡಿಗೆದಾರನು ಮನೆಯೊಳಗೆ
ಬೂಟು ಹಾಕಿಯೇ ನಡೆಯತಕ್ಕದ್ದು."

ಈಗ ಆಗಸ್ಟು. ಹಳದಿ ಪಟ್ಟಿ ಬಿಸಿಲಿಗೆ ಬಿಳಚಿದೆ.
ನಿಬಾಲ್ದೊ ಫೋನು ಮಾಡುವುದು ಕಡಿಮೆ.
ಮಾತ್ರೆಯನ್ನು ಮುರಿದು ಎರಡು ದಿನಕ್ಕೆ ಮಾಡುತ್ತೇನೆ,
ಅದನ್ನು ಮೇಲಿನವನಿಗೆ ಹೇಳಿಲ್ಲ.
ಐದೂ ನಲವತ್ತಕ್ಕೆ ಆರು ಹೆಜ್ಜೆ,
ಆಮೇಲೆ ನಾಲ್ಕು.
ಹಲಗೆಯ ಸಂದಿಯಿಂದ ಧೂಳು ಉದುರಿ
ಕಾಫಿಗೆ ಬೀಳುತ್ತದೆ.
ಬೆರಳಲ್ಲಿ ತೆಗೆದು ಕುಡಿಯುತ್ತೇನೆ.