ಶನಿವಾರದ ಕಡೀ ಪಿರೇಡು

ಗುಳೇದಗುಡ್ಡದ ನಮ್ಮ ಸಾಲಿಯೊಳಗ
ಶನಿವಾರ ಹನ್ನೊಂದಕ್ಕ ನೀತಿ ಪಾಠ.
ಪುಸ್ತಕ ಇಲ್ಲ, ಪರೀಕ್ಷಾ ಇಲ್ಲ,
ವೇಳಾಪತ್ರಿಕೆಯಾಗ ಒಂದು ಸಣ್ಣ ಚೌಕ.
ಹಿಂದಿನ ಮಾಸ್ತರು ಅದರಾಗ ಬಾಕಿ ಗಣಿತ ತುಂಬತಿದ್ದರು,
ನಾನೂ ಒಮ್ಮೊಮ್ಮೆ.

ಅವತ್ತು ಹಲಗಿ ಒರಸಿ
‘ಸತ್ಯ’ ಅಂತ ಬರದೆ.
ಬಾಜೂ ಮನಿಯಾಗ ಖಣದ ಮಗ್ಗ ಟಕ್ ಟಕ್ ಅಂತಿತ್ತು,
ಆ ತಾಳಕ್ಕ ಹುಡುಗರು ಕಾಲು ಅಲ್ಲಾಡಸತಿದ್ದವು.

“ನಿಮ್ಮ ನಿಮ್ಮ ಮನಿಯಾಗ ಏನ ಹೇಳತಾರ, ಹೇಳ್ರಿ.”
ವೃಷಭ ಅಂದ: “ಇರವಿ ತುಳದ್ರೂ ಲೆಕ್ಕ ಇರತೈತ್ರಿ.”
ಸಂಗವ್ವ ಕೊರಳಾಗಿನ ಕರಡಗಿ ಮುಟ್ಟಿಕೊಂಡು:
“ಅಂಗೈಯಾಗ ದೇವರು ಕುಂದರತಾನ್ರಿ,
ಅದ ಕೈಲೆ ಕದೀಬಾರದು.”
ದಾವಲಬಿ ಎದ್ದು ನಿಂತಳು:
“ಎರಡೂ ಹೆಗಲ ಮ್ಯಾಲೆ ಇಬ್ಬರು ಬರಕೋತ ಕುಂತಿರತಾರ್ರಿ,
ಬಲಕ್ಕಿದ್ದಾಂವ ಚಲೋದು, ಎಡಕ್ಕಿದ್ದಾಂವ ಕೆಟ್ಟದ್ದು.”
ಎಲ್ಲಾರೂ ತಮ್ಮ ತಮ್ಮ ಹೆಗಲ ನೋಡಿಕೊಂಡರು.
ಒಬ್ಬಾಂವ ಜಾಡಿಸಿಕೊಂಡ.

ಪಾಠ ಚಲೋ ನಡದಿತ್ತು.
ದಾವಲಬಿ ಇನ್ನೂ ಕುಂತಿದ್ದಿಲ್ಲ.
“ಸರ್ರ, ನಿನ್ನೆ ತತ್ತಿ ಲೆಕ್ಕಕ್ಕ ಸಾಹೇಬ್ರು ಬಂದಾಗ
ನಾವು ಮೂವತ್ತೊಂದು ಮಂದಿ ಇದ್ವಿ.
ನೀವು ನಲವತ್ತಾರು ಅಂದ್ರಿ.
ಅದನ್ನ ಯಾವ ಹೆಗಲಿನಾಂವ ಬರಕೊಂಡಿರತಾನ್ರಿ?”

ತಪ್ಪು ಹುಡುಕೋ ದನಿ ಅಲ್ಲ ಅದು.
ಭಾಗಾಕಾರದಾಗ ಶೇಷ ಎಲ್ಲಿ ಇಡಬೇಕ್ರಿ ಅಂತ
ಕೇಳತಾಳಲ್ಲ, ಅದ ದನಿ.

ಮಗ್ಗ ನಿಂತಿತು. ಎಳಿ ಹರದಿರಬೇಕು.
ಗಂಟಲಾಗ ಉತ್ತರ ಬಂದವು:
ಹಾಜರಿ ಇಳದರ ಸಾಲಿ ಮುಚ್ಚತಾರ,
ಮುಚ್ಚಿದರ ಮೊದಲು ನೀನ ಮಗ್ಗದ ಕುಣಿಗೆ ಇಳೀತಿ.
ಸುಳ್ಳಲ್ಲ ಅವು.
ಆದರ ಹಲಗಿ ಮ್ಯಾಲೆ ಬರದದ್ದು ಒಂದ ಶಬ್ದ,
ಅದರ ಕೆಳಗ ಇಷ್ಟೆಲ್ಲಾ ಹಿಡಿಯೂದಿಲ್ಲ.

“ಎಳಿ ತಪ್ಪಿದರ ನಿಮ್ಮವ್ವ ಏನ ಮಾಡತಾಳ?”
“ತಪ್ಪಿದಲ್ಲಿತನಕ ಬಿಚ್ಚತಾಳ್ರಿ.”
“ಹೊತ್ತು ಹೋಗತೈತಲ್ಲ?”
“ಹೋಗತೈತ್ರಿ.”

ಹಾಜರಿ ಪುಸ್ತಕ ತಗದೆ.
ಕೆಂಪು ಪೆನ್ನು ಯಾರ ಕಡೆರೆ ಐತೇನು ಅಂದೆ,
ಇವರ ತಪ್ಪಿಗೆ ಹಚ್ಚಿ ಹಚ್ಚಿ ನನ್ನದು ಒಣಗಿತ್ತು.
ಹದಿನೈದು ಹೆಸರು.
ಗೋವಾಕ್ಕ ದುಡಿಯಾಕ ಹೋದ ಮನಿಯ ಮಕ್ಕಳವು.
ಗೆರಿ ಎಳೀತಿದ್ದಂಗ ಒಂದೊಂದ ಮುಖ ಬಂತು,
ಎರಡರದು ಬರಲೇ ಇಲ್ಲ.

ಸೋಮವಾರ ನೋಟೀಸು ಬರಬಹುದು.
ಗಂಟಿ ಬಾರಿಸಿತು, ಹುಡುಗರು ಓಡಿದವು.
ದಾವಲಬಿ ಹೊಸ್ತಿಲದಾಗ ನಿಂತು
ನನ್ನ ಹೆಗಲ ಕಡೆ ನೋಡಿದಳು,
ಬಲಗಡೇದೋ ಎಡಗಡೇದೋ, ತಿಳೀಲಿಲ್ಲ.