ಅಭಿಪ್ರಾಯ

ಹಾಳೆ ಬಂದದ್ದು ಸೋಮವಾರ, ಮುಂಬೈಯಿಂದ, ಮುನ್ನೂರು ಪ್ರತಿ.
ಮೇಲೆ ಕಂಪನಿಯ ಗುರುತು, ‘ದಾವಣಗೆರೆ ಘಟಕ’ ಎಂಬ ಠಸ್ಸೆ,
ಕೆಳಗೆ, ಯಾರೋ ಮಿಷನ್ನಿಗೆ ಕೊಟ್ಟು ತಿರುಗಿಸಿದ ಕನ್ನಡದಲ್ಲಿ:
ಇಲ್ಲಿ ಕೆಲಸ ಮಾಡುವುದರ ಕುರಿತು ನಿಮ್ಮ ಅಭಿಪ್ರಾಯವೇನು?
ಪಕ್ಕದಲ್ಲಿ ಐದು ದುಂಡು ಮುಖ,
ಅಳುವುದರಿಂದ ಹಲ್ಲು ಬಿಡುವವರೆಗೆ.
ಅದರಡಿ ಒಂದು ಗೆರೆ, ನನ್ನ ಗೇಣಿಗಿಂತ ಗಿಡ್ಡ,
ಇನ್ನೇನಾದರೂ ಹೇಳುವುದಿದ್ದರೆ.

ಟೈಮ್ ಆಫೀಸಿನವಳು ನಾನು.
ಬರೆಯಲು ಬಾರದವರದ್ದು ನೀನೇ ತುಂಬಿಸಮ್ಮ, ಶನಿವಾರದೊಳಗೆ,
ಎಂದರು ಮ್ಯಾನೇಜರು. ಪೆನ್ನು ಜಡೆಗೆ ಸಿಕ್ಕಿಸಿ ಹೊರಟೆ.

ಕೋನ್ ವೈಂಡಿಂಗಿನ ಹಾಲಮ್ಮ ಮುಖಗಳನ್ನು ನೋಡಿ ನಕ್ಕಳು:
ಎಲಡಿಕೆ ಹಾಕ್ಕೊಂಡ ಬಾಯಿ ಒಂದೂ ಇಲ್ವಲ್ಲೇ ಗಿರಿಜಾ!
ಆಮೇಲೆ ದನಿ ತಗ್ಗಿಸಿ,
ಏಳನೇ ತಾರೀಖು ಎಂಟಾಗಿಲ್ಲ ನೋಡು, ಇಪ್ಪತ್ತೊಂದು ವರ್ಷ ಆತು.
ಅದನ್ನ ಬರಿ. ಪಾಯಿಖಾನಿ ಬಾಗ್ಲಿಗೆ ಚಿಲಕ ಇಲ್ಲ,
ಅದನ್ನೂ ಬರಿ.
ಗೆರೆ ಸಾಲಲಿಲ್ಲ. ಚಿಲಕ ಅಂಚಿಗೆ ಹೋಯಿತು.

ಎಲೆಕ್ಟ್ರಿಕಲ್ಲಿನ ಹದಿನಾಲ್ಕೂ ಹಾಳೆಯಲ್ಲಿ ಒಂದೇ ವಾಕ್ಯ:
ಕಂಪನಿ ನಮಗೆ ತಾಯಿ ಇದ್ದಂತೆ.
ಹದಿನಾಲ್ಕರಲ್ಲೂ ತಾಯಿಯ ಕಾಗುಣಿತ ಒಂದೇ ಥರ ತಪ್ಪು.

ಹಾಸ್ಟೆಲಿನ ನಾಗವೇಣಿ, ಜಗಳೂರು ಕಡೆಯವಳು, ಬಂದು ಎಂಟು ತಿಂಗಳು,
ಅಳುವ ಮುಖಕ್ಕೂ ನಗುವ ಮುಖಕ್ಕೂ ಗುರುತು ಹಾಕಿದ್ದಳು.
ಕಂಪ್ಯೂಟರ್ ಒಂದೇ ತಗಳೋದು ಕಣೆ, ಎಂದೆ.
ಪಾಳಿ ಮುಗಿಸಿ ಮಲಗಿದ್ರೂ
ಕಾಲು ನಡೀತಾನೇ ಇರ್ತಾವಕ್ಕ, ಫ್ರೇಮಿನ ಈ ತುದಿಯಿಂದ ಆ ತುದಿಗೆ.
ಆದ್ರೆ ಹರಿದ ಎಳೆ ಸೇರಿಸುವಾಗ
ಯಾರ ಮಗಳು ನೀನು ಅಂತ ಮಿಷನ್ನು ಕೇಳಲ್ಲ.
ಯಾವುದನ್ನ ಅಳಿಸ್ಲಿ, ನೀವೇ ಹೇಳಿ.
ನಾನು ಹೇಳಲಿಲ್ಲ.

ಗೇಟಿನ ಅಂಜಿನಪ್ಪ ಕೈ ಚಾಚಿದ: ನಮಗೊಂದು?
ಪಟ್ಟಿಯಲ್ಲಿ ಹುಡುಕಿದಂತೆ ಮಾಡಿದೆ. ನೀವು ಕಂಟ್ರಾಕ್ಟು, ಅಂಜಿನಪ್ಪ.
ಹನ್ನೆರಡು ವರ್ಷದಿಂದ ಬಾತಿ ಗುಡ್ಡಕ್ಕೆ ಮುಖ ಮಾಡಿ
ಅದೇ ಸ್ಟೂಲಿನ ಮೇಲೆ ಕೂತ ಮನುಷ್ಯ.
ಹಂಗಾರೆ ನಮಗೆ ಅಭಿಪ್ರಾಯ ಇಲ್ಲ ಅಂದಂಗಾತು,
ಎನ್ನುತ್ತ ಎದ್ದು, ಹರಿಹರದ ಲಾರಿಗೆ ಗೇಟು ತೆಗೆದ.
ನಗುತ್ತಲೇ ತೆಗೆದ. ಅದು ಎಷ್ಟನೇ ಮುಖ, ತಿಳಿಯಲಿಲ್ಲ.

ಕೊನೆಗೆ ರಿಂಗ್ ಫ್ರೇಮು. ಸದ್ದು ಎದೆಗೂಡಿನೊಳಕ್ಕೇ ಬರುತ್ತದೆ ಅಲ್ಲಿ.
ಖಲಂದರ್ ಸಾಬರ ಕಿವಿಗೆ ಬಾಯಿಟ್ಟು ಕೂಗಿದೆ:
ಅಭಿಪ್ರಾಯ! ನಿಮ್ಮ ಅಭಿಪ್ರಾಯ!
ಎಡಗಿವಿ ಹೋಗಿ ಆರು ವರ್ಷ, ಬಲಗಿವಿಯಲ್ಲಿ ಹತ್ತಿಯುಂಡೆ.
ಅರ್ಧ ಕೇಳಿಸಿತು.
ಪ್ರಾಯಾನಾ? ಬರ್ಕಳಮ್ಮ, ಐವತ್ತೇಳು.
ಬಂದಾಗ ಹತ್ತೊಂಬತ್ತು.
ಮಿಕ್ಕಿದ್ದೆಲ್ಲ ಇಲ್ಲೇ ಐತಲ್ಲ.
ಕೈ ಬೀಸಿ ತೋರಿಸಿದರು, ಸಾಲು ಸಾಲು ಬಾಬಿನ್ನು,
ದೀಪದ ಕೆಳಗೆ ತೇಲುವ ಹತ್ತಿಪುಡಿ.
ಹುಬ್ಬು ಬೆಳ್ಳಗಾದದ್ದು ಅದರಿಂದಲೋ, ಬೇರೆಯದರಿಂದಲೋ.
ಅಲ್ಲ ಸಾಬ್ರೇ, ಎನ್ನುವಷ್ಟರಲ್ಲಿ
ಆಚೆ ಎಲ್ಲೋ ಎಳೆ ಹರಿಯಿತು. ಅದು ಮಾತ್ರ ಹೇಗೆ ತಿಳಿಯಿತೋ,
ಓಡಿದರು.

ಗೆರೆಯ ಮೇಲೆ ಬರೆದೆ: ಐವತ್ತೇಳು.
ಮುಖ ಯಾವುದಕ್ಕೂ ಗುರುತು ಹಾಕಲಿಲ್ಲ.

ಮುಂದಿನ ಬುಧವಾರ ಮುಂಬೈಯಿಂದ ಫೋನು, ಹರಕು ಕನ್ನಡ.
ಒಂದು ಹಾಳೆಯಲ್ಲಿ, ಮೇಡಂ, ಅಭಿಪ್ರಾಯದ ಜಾಗದಲ್ಲಿ ವಯಸ್ಸಿದೆ.
ತಿದ್ದಿಕೊಳ್ಳಲಾ?
ಬೇಡಿ ಎಂದೆ. ಜಾಗ ಸರಿಯಾಗೇ ಇದೆ.
ಸ್ವಲ್ಪ ಹೊತ್ತು ಸುಮ್ಮನಿದ್ದ, ಟೈಪು ಮಾಡುವ ಸದ್ದು.
ನಿಮ್ಮದೇ ಬಂದಿಲ್ಲವಲ್ಲ ಮೇಡಂ?

ಎರಡನೇ ಪಾಳಿಯ ಕೂಗು ಎದ್ದಿತು ಅಷ್ಟರಲ್ಲಿ.
ಕೇಳಿಸ್ತಿಲ್ಲ ಸಾರ್, ಎಂದೆ,
ಫೋನನ್ನು ಎಡಗಿವಿಯಿಂದ
ಬಲಗಿವಿಗೆ ಬದಲಾಯಿಸುತ್ತ.