ಕಾದ ಮರಳು

ಭಟ್ಟಿ ಬೀದಿಯಲ್ಲಿ ಬೆಳಕಿಗಿಂತ ಮೊದಲು
ಹೊಗೆ ಏಳುತ್ತದೆ.
ಆ ಹೊಗೆಯಲ್ಲೇ ನನ್ನ ಓಟ,
ಮಂಡಕ್ಕಿ ಚೀಲ ಹೇರಿದ ಲಗೇಜ್ ಆಟೋಗಳ ಹಿಂದೆ,
ಮೂಗಿನಿಂದ ಒಳಗೆ, ಬಾಯಿಂದ ಹೊರಗೆ,
ಕೆಮ್ಮು ಬಂದರೆ ಲೆಕ್ಕ ಮತ್ತೆ ಒಂದರಿಂದ.

ಬಾಬಾಜಾನ್ ಸರ್ ರೈಲ್ವೆ ಪಾರ್ಸಲ್ ಆಫೀಸಿನವರು.
ಸಂಜೆ ಬಂದು ಬೀಗ ತೆಗೆಯುತ್ತಾರೆ
ಹತ್ತಿಯಿಲ್ಲದ ಹತ್ತಿ ಗೋಡೌನಿಗೆ.
ಆರು ಹುಡುಗಿಯರಿಗೆ ಎರಡು ಜೊತೆ ಗ್ಲೌಸು.
ಯಾವಾಗ ಕೈ ತೂರಿಸಿದರೂ ಒಳಗೆ
ಇನ್ನೊಬ್ಬಳ ಬೆವರು ಬೆಚ್ಚಗೆ ಕಾದಿರುತ್ತದೆ.
ಗದ್ದ ಒಳಗೆ, ಗದ್ದ ಒಳಗೆ, ಅದೊಂದೇ ಮಂತ್ರ ಅವರದು.
ಬೀದಿಯಲ್ಲಿ ಅದೇ ಗದ್ದ ಎತ್ತಿ ನಡೆದರೆ
ಕೊಬ್ಬು ನೋಡ್ರೋ ಅನ್ನುತ್ತದೆ ಬೀಡಾ ಅಂಗಡಿ.

ಹರಿಹರದಿಂದ ಹೆಣ್ಣು ನೋಡಲು ಬಂದವರು
ಮಿರ್ಚಿ ತಿಂದು, ಕೈ ಒರೆಸಿ, ಕೇಳಿದರು:
ಮೂಗು ಯಾಕೆ ಸ್ವಲ್ಪ ವಾರೆ?
ಅವ್ವ ಥಟ್ಟನೆ ಅಂದಳು, ಮೆಟ್ಟಿಲ ಮ್ಯಾಲಿಂದ ಬಿದ್ದಿದ್ಲು.
ನಾನು ಅಂದೆ, ಶಿವಮೊಗ್ಗದ ಹುಡುಗಿ, ಎರಡನೇ ರೌಂಡು.
ಎದ್ದರು. ಚಹಾ ಕೆನೆಗಟ್ಟಿತು.

ಬಳ್ಳಾರಿಯಲ್ಲಿ ಹಾಲಮ್ಮ ಎಂದು ಮೈಕಿನಲ್ಲಿ ಕೂಗಿದಾಗ
ಗ್ಯಾಲರಿ ನಕ್ಕಿತು, ಹಾಲು ಕುಡಿದು ಬಂದೀಯೇನೇ?
ಇಲ್ಲ. ಐವತ್ತರ ಮುಳ್ಳು ದಾಟಬಾರದೆಂದು
ಎರಡು ದಿನ ನೀರನ್ನೂ ಕುಡಿದಿಲ್ಲ,
ಉಗುಳನ್ನೂ ಉಗುಳಿದ್ದೇನೆ ಪ್ಲಾಸ್ಟಿಕ್ ಲೋಟಕ್ಕೆ.
ಮಂಡಕ್ಕಿ ಚೀಲ ಆಗೀಯ ನೀನು, ಅಂದಿದ್ದಳು ಅವ್ವ,
ನೋಡಾಕ ಇಷ್ಟಗಲ, ಎತ್ತಿದ್ರ ಏನೂ ಇಲ್ಲ.

ಸೋತೆ. ಮೂರು–ಎರಡು.
ರೆಫರಿ ಅವಳ ಕೈ ಎತ್ತಿದಾಗ
ನನ್ನ ಕೈ ಅವನ ಇನ್ನೊಂದು ಹಿಡಿಯಲ್ಲಿತ್ತು,
ಬಸ್ಸಿನಲ್ಲಿ ಯಾರೋ ಮರೆತ ಛತ್ರಿಯ ಹಾಗೆ.

ರಾತ್ರಿ ಬಂದಿಳಿದಾಗ ಎಡಗಣ್ಣು ಮುಚ್ಚಿಹೋಗಿತ್ತು.
ಓಣಿಯೆಲ್ಲ ಕೇಳಿತು: ಯಾರೇ ಹೊಡೆದೋರು? ಯಾಕೆ ಹೊಡೆದ್ರು?
ಗಂಗಜ್ಜಿ ಅತ್ತೇಬಿಟ್ಟಳು.

ಅವ್ವ ಏನೂ ಕೇಳಲಿಲ್ಲ.
ಆರದ ಭಟ್ಟಿಯಿಂದ ಒಂದು ಹಿಡಿ ಮರಳು ತಂದು
ಹಳೇ ಸೀರೆ ತುಂಡಿಗೆ ಕಟ್ಟಿ
ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿ,
ಕಣ್ಣಿನ ಕೆಳಗೆ, ಎಲುಬಿಗಿಂತ ಒಂದು ಕಾಳಿನಷ್ಟು ಆಚೆ,
ಇಟ್ಟಳು, ಎತ್ತಿದಳು. ಇಟ್ಟಳು, ಎತ್ತಿದಳು.
ಎಷ್ಟು ಬಿಸಿ, ಎಷ್ಟು ಹೊತ್ತು, ಎಲ್ಲಿ ಒತ್ತಲೇಬಾರದು,
ಸರ್‌ಗೂ ಗೊತ್ತಿಲ್ಲ ಇದು.

ಅಪ್ಪ ಹೋಗಿ ಒಂಬತ್ತು ವರ್ಷ.
ನಮ್ಮದು ನೆಲಕ್ಕಂಟಿದ ಒಂದೇ ಕೋಣೆ, ತಗಡಿನ ಸೂರು.
ಮೆಟ್ಟಿಲು ಯಾವತ್ತೂ ಇರಲಿಲ್ಲ.

ಮರಳು ಆರುವ ಹೊತ್ತಿಗೆ ಕೇಳಿದಳು:
ಬಲಗೈಯಾಕಿ, ಅಲ್ಲಾ?
ಹೂಂ.
ಹೊಡಿಯಾಕ ಮುಂಚೆ ಒಂದೀಟು ಉಸಿರು ಹಿಡಿತಾರ.
ಕೈ ನೋಡಬ್ಯಾಡ.
ಅದನ್ನ ಕೇಳಿಸ್ಕೋ.